‘ಆಗುತ್ತೆ’ ಅಂದ ಮೇಲೆ ನಿದ್ದೆ ಇಲ್ಲ

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

29 ವರ್ಷದ ಈ ಯುವತಿ ಬೆಂಗಳೂರಿನಲ್ಲಿ ಕಾರಿನ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಾರೆ. ಅವರ ತಂಡದ ಅರ್ಧ ಜನ ಇರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಕೌನ್ಸೆಲಿಂಗ್‌ಗೆ ನನ್ನ ಬಳಿ ಬಂದದ್ದು ನಿದ್ದೆ ಬರ್ತಿಲ್ಲ ಅಂತ.

ಅಲ್ಲಿನ ಹಿರಿಯ ಎಂಜಿನಿಯರ್ ಒಬ್ಬರು ಎಲ್ಲರೂ ಇದ್ದ ಕಾಲ್‌ನಲ್ಲೇ ‘ಈ ಟೆಸ್ಟ್ ಪ್ಲಾನ್ ಸಾಲದು’ ಅಂದಿದ್ದರು. “ಎಲ್ಲರ ಮುಂದೆ ಹೇಳಿಬಿಟ್ರು ಮೇಡಂ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ ಅನ್ನಿಸ್ತು” ಎಂದು ಅತ್ತರು. ಅಂದಿನಿಂದ ಯಾವ ಗಡುವು ಕೊಟ್ಟರೂ ‘ಆಗುತ್ತೆ’ ಅನ್ನುತ್ತಿದ್ದರು, ಆಗಲ್ಲ ಅಂತ ಗೊತ್ತಿದ್ದರೂ. ಆಮೇಲೆ ರಾತ್ರಿಯೆಲ್ಲ ಕೂತು ಕೆಲಸ.

ಮಾರನೇ ದಿನ ಆ ಎಂಜಿನಿಯರ್ ಹೇಗಿದ್ದರು ಅಂತ ಕೇಳಿದೆ. “ಎಂದಿನ ಹಾಗೇ ಮಾತಾಡಿದ್ರು. ಕೂತು ಹೇಳಿಕೊಟ್ರು ಕೂಡ.” ನನಗೆ ದಾರಿ ಕಂಡದ್ದು ಇಲ್ಲೇ. ಜರ್ಮನ್ ಆಫೀಸುಗಳಲ್ಲಿ ಕೆಲಸದ ತಪ್ಪನ್ನು ನೇರವಾಗಿ ಹೇಳುವುದು ಮಾಮೂಲು. ಆ ವ್ಯಕ್ತಿಯ ಮೇಲೆ ಸಿಟ್ಟಿದೆ ಅಂತ ಅದರ ಅರ್ಥವಲ್ಲ. ನಮ್ಮಲ್ಲಿ ಹಿರಿಯರಿಗೆ ಎದುರಾಡದೆ ಬೆಳೆದವರೇ ಜಾಸ್ತಿ. ಡಚ್ ಸಂಶೋಧಕ ಗೀರ್ಟ್ ಹಾಫ್‌ಸ್ಟೆಡ್ ಅವರ ಅಳತೆಯಲ್ಲಿ, ಮೇಲು ಕೆಳಗಿನ ಅಂತರವನ್ನು ಒಪ್ಪಿಕೊಂಡು ನಡೆಯುವುದರಲ್ಲಿ ಭಾರತಕ್ಕೆ 77 ಅಂಕ, ಜರ್ಮನಿಗೆ 35. ಇದು ದೇಶದ ಸರಾಸರಿ, ಒಬ್ಬೊಬ್ಬರ ಜಾತಕವಲ್ಲ. ಆದರೂ ತೊಂದರೆ ತನ್ನೊಬ್ಬಳದಲ್ಲ ಅಂತ ತಿಳಿದು ಆಕೆಗೆ ಎಷ್ಟೋ ಹಗುರವಾಯಿತು.

ಕಾಲ್‌ನಲ್ಲಿ ಹೇಳಲು ಬಾಯಿ ಬರದಿದ್ದರೆ ಅದೇ ದಿನ ಮೇಲ್ ಹಾಕಿ ಎಂದೆ. ಎಲ್ಲಿ ಸಿಕ್ಕಿಕೊಂಡಿದೆ, ಎಷ್ಟು ದಿನ ಬೇಕು, ಯಾರ ಸಹಾಯ ಬೇಕು, ಇಷ್ಟು ಸಾಕು. ನೀವು ಸುಮ್ಮನಿದ್ದರೆ ಒಪ್ಪಿದಿರಿ ಅಂದುಕೊಳ್ಳುತ್ತಾರೆ. ಮೊದಲೇ ಗೊತ್ತಾದರೆ ಪ್ಲಾನ್ ಬದಲಿಸಲು ಅವರಿಗೂ ಸಮಯ ಸಿಗುತ್ತದೆ.

ಆದರೆ ಬದಲಾಗಬೇಕಾದವರು ಆಕೆ ಮಾತ್ರ ಅನ್ನುವುದನ್ನು ನಾನು ಒಪ್ಪುವುದಿಲ್ಲ. ತಂಡದ ಮೀಟಿಂಗ್ ಇರುವುದು ಅಲ್ಲಿನ ಸಂಜೆ 4 ಗಂಟೆಗೆ, ಚಳಿಗಾಲದಲ್ಲಿ ಅಂದರೆ ಇಲ್ಲಿ ರಾತ್ರಿ 8:30. ಆ ಮೀಟಿಂಗನ್ನು ಅಲ್ಲಿನ ಬೆಳಿಗ್ಗೆ 9ಕ್ಕೆ ಇಟ್ಟರೆ ಇಲ್ಲಿ ಮಧ್ಯಾಹ್ನ 1:30. ಕೇಳಬಹುದು ಅಲ್ವಾ? ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಸಾಮಾನ್ಯವಾಗಿ 11 ಗಂಟೆ ಬಿಡುವು ಇರಬೇಕು ಅಂತ ಜರ್ಮನಿಯ ಕಾನೂನೇ ಹೇಳುತ್ತದೆ. ಬಿಡುವು ಬೇಕು ಅಂದರೆ ಅವರಿಗೆ ಹೊಸ ಮಾತೇನಲ್ಲ.

ನಿದ್ದೆ ಸರಿಹೋಗದಿದ್ದರೆ ಡಾಕ್ಟರನ್ನು ಕಾಣಿ, ಅವೇಳೆಯಲ್ಲಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಎಂದೂ ಹೇಳಿದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಈಗ ಮೇಲ್ ಬರೆಯುತ್ತಿದ್ದಾರೆ. ಗಡುವು ಒಮ್ಮೆ ಮುಂದೆ ಹೋಯಿತು, ಯಾರೂ ಬೈಯಲಿಲ್ಲ. ನಮ್ಮ ರಸ್ತೆಗಳಲ್ಲಿ ಎರಡು ಕಾರಿನ ಮಧ್ಯೆ ನುಗ್ಗುವ ಬೈಕ್‌ಗಳ ಬಗ್ಗೆ ಆಕೆ ಬರೆದದ್ದು ಟೆಸ್ಟ್ ಪ್ಲಾನ್‌ಗೆ ಸೇರಿದೆ. ಸ್ಟುಟ್‌ಗಾರ್ಟ್‌ನಲ್ಲಿ ಅದು ಯಾರಿಗೂ ಹೊಳೆದಿರಲಿಲ್ಲ. ರಾತ್ರಿಯ ಮೀಟಿಂಗ್ ಮಾತ್ರ ಇನ್ನೂ ಹಾಗೇ ಇದೆ. ತಂಡದ ಲೀಡ್ ಜೊತೆ ಈ ವಾರ ಮಾತಾಡುತ್ತೇನೆ ಅಂದಿದ್ದಾರೆ.