ಥಾಮಸ್ ಮನ್ರೋ: ಬಳ್ಳಾರಿಯ ಹೊಲ ಅಳೆಸಿದ ಮದ್ರಾಸ್ ಗವರ್ನರ್

ಪ್ರಶ್ನೆ: ಮಂತ್ರಾಲಯದಲ್ಲಿ ರಾಯರ ಬೃಂದಾವನದ ಎದುರು ಟೋಪಿ, ಬೂಟು ಕಳಚಿ ನಿಂತ ‘ಗವರ್ನರ್ ಮನ್ರೋ’ ಕಥೆ ಕೇಳಿದ್ದೇವೆ. ಮದ್ರಾಸಿನ ಗವರ್ನರ್‌ಗೆ ಅಲ್ಲೇನು ಕೆಲಸವಿತ್ತು?

ಉತ್ತರ: ಆ ಕಥೆ ಹೇಳುವ ಕಾಲಕ್ಕೆ ಮನ್ರೋ ಗವರ್ನರ್ ಆಗಿರಲಿಲ್ಲ, ಕಲೆಕ್ಟರ್ ಆಗಿದ್ದ. ಗವರ್ನರ್ ಗಿರಿ ಸಿಕ್ಕಿದ್ದು ಅದಾಗಿ ಇಪ್ಪತ್ತು ವರ್ಷದ ಮೇಲೆ. 1800ರ ಅಕ್ಟೋಬರಿನಲ್ಲಿ ಹೈದರಾಬಾದಿನ ನಿಜಾಮ, ತಾನು ಇರಿಸಿಕೊಂಡಿದ್ದ ಕಂಪನಿ ಪಡೆಯ ಖರ್ಚಿಗೆಂದು ಬಳ್ಳಾರಿ, ಕಡಪ ಸೀಮೆಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಇದೇ ದತ್ತಮಂಡಲ. ಅದರ ಮೊದಲ ಪ್ರಧಾನ ಕಲೆಕ್ಟರ್ ಮನ್ರೋ; ಕೈಕೆಳಗೆ ನಾಲ್ವರು ಸಹಾಯಕರು. ಮಂತ್ರಾಲಯ ಆದವಾನಿ ಸೀಮೆಯ ಊರು. ಆದವಾನಿ ತಾಲ್ಲೂಕು 1953ರವರೆಗೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು.

ಹೊಸದಾಗಿ ಬಂದ ಸೀಮೆಯಲ್ಲಿ ಕಲೆಕ್ಟರನ ಕೆಲಸಗಳಲ್ಲಿ ಒಂದು ಇನಾಮು (ಕಂದಾಯ ವಿನಾಯಿತಿಯ ದಾನದ ಜಮೀನು) ತನಿಖೆ: ಜಮೀನು ಕೊಟ್ಟವರು ಯಾರು, ಸನ್ನದು (ದಾನಪತ್ರ) ಇದೆಯೇ, ಈಗ ಅನುಭವಿಸುವವರು ಯಾರು ಎಂದು ನೋಡಿ, ಆಧಾರವಿಲ್ಲದ್ದಕ್ಕೆ ಕಂದಾಯ ಕಟ್ಟುವುದು. ಮಠದ ಜಮೀನಿನ ವಿಚಾರಕ್ಕೆ ಬಂದ ಮನ್ರೋ ಜೊತೆ ರಾಯರು ಬೃಂದಾವನದಿಂದಲೇ ಮಾತಾಡಿದರೆಂಬ ಕಥೆ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಬೃಂದಾವನದಿಂದ ಬಂದ ಮಾತು ಭಕ್ತರ ನಂಬಿಕೆಗೆ ಸೇರಿದ್ದು. ಇತಿಹಾಸಕಾರ ಅದರ ತಂಟೆಗೆ ಹೋಗಬೇಕಿಲ್ಲ.

ಪ್ರಶ್ನೆ: ಒಬ್ಬ ಸಿಪಾಯಿ ಗವರ್ನರ್ ಆದದ್ದು ಹೇಗೆ?

ಉತ್ತರ: ಮನ್ರೋ ಹುಟ್ಟಿದ್ದು ಗ್ಲಾಸ್ಗೋದಲ್ಲಿ, 1761ರ ಮೇ 27ರಂದು. ತಂದೆಯದು ವರ್ಜೀನಿಯಾ ಜೊತೆಗಿನ ತಂಬಾಕು ವ್ಯಾಪಾರ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಅದು ಮುಳುಗಿತು. ಮಗ ಕಂಪನಿಯ ಕಾಲಾಳು ಪಡೆಯ ಕೆಡೆಟ್ ಆಗಿ 1780ರ ಜನವರಿಯಲ್ಲಿ ಮದ್ರಾಸಿಗೆ ಬಂದಿಳಿದ. ಅದೇ ವರ್ಷ ಹೈದರಾಲಿ ಕರ್ನಾಟಿಕ್ (ಆರ್ಕಾಟಿನ ನವಾಬನ ಸೀಮೆ) ಮೇಲೆ ನುಗ್ಗಿದ್ದರಿಂದ ಮೊದಲ ನಾಲ್ಕು ವರ್ಷ ಯುದ್ಧದಲ್ಲೇ ಕಳೆಯಿತು. ಅವನ ದಿಕ್ಕು ಬದಲಿಸಿದ್ದು 1792. ಟಿಪ್ಪುವಿನಿಂದ ಕಂಪನಿಗೆ ಸೇರಿದ ಬಾರಾಮಹಲ್ (ಇಂದಿನ ಸೇಲಂ, ಧರ್ಮಪುರಿ, ಕೃಷ್ಣಗಿರಿ ಕಡೆ) ಪ್ರದೇಶದ ಕಂದಾಯಕ್ಕೆ ಅಲೆಕ್ಸಾಂಡರ್ ರೀಡ್‌ನ ಸಹಾಯಕನಾಗಿ ಹಾಕಿದರು. ಅಲ್ಲಿ ಏಳು ವರ್ಷ ಕಲಿತದ್ದನ್ನೇ ಮುಂದೆ ಬದುಕಿಡೀ ಮಾಡಿದ.

ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ (ಕರಾವಳಿ), ಆಮೇಲೆ ದತ್ತಮಂಡಲ. 1807ರಲ್ಲಿ ರಜೆಯ ಮೇಲೆ ಊರಿಗೆ ಹೋಗಿ, ಕಂಪನಿಯ ಸನ್ನದಿನ (ಚಾರ್ಟರ್) ನವೀಕರಣದ ಹೊತ್ತಿಗೆ ಪಾರ್ಲಿಮೆಂಟಿನ ಮುಂದೆ ಸಾಕ್ಷ್ಯ ನುಡಿದ. ಅವನ ಹೆಸರು ಲಂಡನ್ನಿನಲ್ಲಿ ಬೆಳೆದದ್ದು ಆಗಲೇ. 1817–18ರ ಮರಾಠಾ ಯುದ್ಧದಲ್ಲಿ ಬೆರಳೆಣಿಕೆಯ ಪಡೆ, ಊರವರಿಂದಲೇ ಕಟ್ಟಿದ ಜವಾನರ ದಂಡು ಇಟ್ಟುಕೊಂಡು ಗದಗ, ಡಂಬಳ, ಬಾದಾಮಿ, ಬೆಳಗಾವಿಗಳನ್ನು ಹಿಡಿದ. 1820ರ ಜೂನ್‌ನಲ್ಲಿ ಮದ್ರಾಸ್ ಗವರ್ನರ್ ಆದ. 1827ರಲ್ಲಿ, ಊರಿಗೆ ಮರಳುವ ಮುನ್ನ ದತ್ತಮಂಡಲವನ್ನು ಕೊನೆಯ ಸಲ ಸುತ್ತುತ್ತಿದ್ದಾಗ, ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ತಗುಲಿ ತೀರಿಕೊಂಡ.

ಪ್ರಶ್ನೆ: ರೈತವಾರಿ ಎಂದರೆ ಸರ್ಕಾರ ನೇರವಾಗಿ ರೈತನಿಂದ ಕಂದಾಯ ಪಡೆಯುವುದು ಎಂದು ಪಠ್ಯದಲ್ಲಿದೆ. ಸಾವಿರಾರು ಊರುಗಳಲ್ಲಿ ಅದನ್ನು ಕೈಯಾರೆ ಮಾಡಿದ್ದು ಹೇಗೆ? ರೈತನಿಗೆ ಲಾಭವಾಯಿತೇ?

ಉತ್ತರ: 1802ರ ಜೂನ್‌ನಲ್ಲಿ ಅಳತೆ ಶುರುವಾದಾಗ ಕೆಲಸ ಗೊತ್ತಿದ್ದವರು ಅನಂತಪುರ ಕಚೇರಿಯ ನಾಲ್ಕು ಗುಮಾಸ್ತರು ಮಾತ್ರ. ಬಾರಾಮಹಲಿನಿಂದ ಆರು ಮಂದಿ ಬಂದು ಸೇರಿದರು. ಇವರು ಕರಣಿಕರ (ಊರ ಲೆಕ್ಕ ಬರೆಯುವವರ) ಮನೆತನದ ಹುಡುಗರಿಗೆ ಕಲಿಸಿ, ಕ್ರಮೇಣ ನೂರು ಮಂದಿಯ ತಂಡವಾಯಿತು. ಹತ್ತು ಜನಕ್ಕೊಬ್ಬ ಮೇಲ್ವಿಚಾರಕ. ಸರಪಳಿಯ ಉದ್ದ 33 ಅಡಿ. ಒಂದು ಸರಪಳಿ ಚೌಕ 1,089 ಚದರ ಅಡಿ. ಅಂಥ 40 ಸೇರಿದರೆ ಸರಿಯಾಗಿ ಒಂದು ಎಕರೆ. ನಿಮ್ಮ ಪಹಣಿಯಲ್ಲಿರುವ ಗುಂಟೆಯೂ ಇದೇ 33 × 33 ಅಡಿ.

ಅಳೆಯುವವರಿಗೆ ಮೊದಲು ತಿಂಗಳ ಸಂಬಳವಿತ್ತು, ಆಮೇಲೆ ಎಕರೆ ಲೆಕ್ಕ. ಎಕರೆ ಲೆಕ್ಕವೆಂದ ಕೂಡಲೇ ಅವಸರ, ಸುಳ್ಳು ಅಳತೆ ನುಸುಳುತ್ತವೆ. ಅದಕ್ಕೆ ಮೇಲ್ವಿಚಾರಕ ಮತ್ತೆ ಅಳೆದು ನೋಡುತ್ತಿದ್ದ: ಖುಷ್ಕಿಯಲ್ಲಿ (ಒಣಭೂಮಿ) ನೂರಕ್ಕೆ 10, ತರಿಯಲ್ಲಿ (ನೀರಾವರಿ) ನೂರಕ್ಕೆ 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕೆಲಸ ಹೋಗುತ್ತಿತ್ತು. ಅಳತೆಯ ಹಿಂದೆಯೇ ವರ್ಗ ಕಟ್ಟುವವರು ಬಂದು, ಪಟೇಲ, ಕರಣಿಕ, ರೈತರನ್ನು ಹೊಲದಲ್ಲೇ ನಿಲ್ಲಿಸಿಕೊಂಡು ಮಣ್ಣಿನ ತರಗತಿ ಗೊತ್ತುಮಾಡುತ್ತಿದ್ದರು. ಪಟೇಲನ ಬೇಕಾದವರ ಎರೆಹೊಲ ಕೆಳತರಗತಿಗೆ ಇಳಿಯುವುದು ಇಲ್ಲೇ. ಬಳಿಕ ಪ್ರತಿವರ್ಷ ಬಿತ್ತನೆಗೆ ಮುಂಚೆ ತಹಶೀಲ್ದಾರ ಊರೂರು ಸುತ್ತಿ ಯಾರು ಎಷ್ಟು ಉಳುತ್ತಾರೆಂದು ಬರೆದುಕೊಳ್ಳಬೇಕು. ಬೆಳೆ ಕಂಡ ಮೇಲೆ ಕಲೆಕ್ಟರನ ಕಚೇರಿಯಲ್ಲಿ ಜಮಾಬಂದಿ (ಆ ವರ್ಷದ ಕಂದಾಯದ ತೀರ್ಮಾನ) ನಡೆದು, ರೈತನ ಹೆಸರಿಗೆ ಪಟ್ಟಾ (ಕಂದಾಯ ಗೊತ್ತುಮಾಡಿದ ಪತ್ರ) ಬರಬೇಕು.

ಇಷ್ಟೂ ಅಚ್ಚುಕಟ್ಟು. ತೊಡಕಿದ್ದದ್ದು ದರದಲ್ಲಿ. ಹೊಲದಿಂದ ಲೆಕ್ಕ ಮೇಲಕ್ಕೆ ಏರಿದ ಹಾಗೆ ಕಂಡರೂ, ಇಡೀ ಸೀಮೆಯಿಂದ ಎಷ್ಟು ಬರಬೇಕೆಂದು ಹಿಂದಿನ ವಸೂಲಿ ನೋಡಿ ಮೇಲೆಯೇ ತೀರ್ಮಾನವಾಗಿ, ಅದು ಊರಿಗೆ, ಊರಿಂದ ಹೊಲಕ್ಕೆ ಹಂಚಿಕೆಯಾಗುತ್ತಿತ್ತು. ಒಟ್ಟು ಬೆಳೆಯಲ್ಲಿ ನೂರಕ್ಕೆ ಸುಮಾರು 45 ಸರ್ಕಾರಕ್ಕೆ. ಬೀಜ, ಎತ್ತು, ಆಳಿನ ಖರ್ಚು ಉಳಿದದ್ದರಲ್ಲಿ. ಮಳೆ ನೆಚ್ಚಿದ ಬಳ್ಳಾರಿಯಲ್ಲಿ ಒಂದು ವರ್ಷ ಬೆಳೆ ಕೈಕೊಟ್ಟರೆ ಬಾಕಿ ಬೀಳದೆ ಇರುವುದಿಲ್ಲ. ಬಾಕಿದಾರನ ಕಂದಾಯವನ್ನು ಊರಿನ ಉಳಿದವರ ಮೇಲೆ, ಅವರವರ ಕಂದಾಯದ ನೂರಕ್ಕೆ 10ರವರೆಗೆ, ಹೊರಿಸುವ ನಿಯಮವೂ ಇತ್ತು. ‘ಒಬ್ಬೊಬ್ಬ ರೈತನೊಂದಿಗೆ ನೇರ ಒಪ್ಪಂದ’ ಎಂಬ ಪಠ್ಯದ ಮಾತು ಇಲ್ಲಿಗೆ ಬಂದಾಗ ಅರ್ಧ ಸತ್ಯ.

ಮನ್ರೋಗೆ ಇದು ತಿಳಿದಿತ್ತು. 1807ರ ಆಗಸ್ಟಿನಲ್ಲಿ ಎಲ್ಲ ಜಮೀನಿಗೂ ಕಾಲು ಭಾಗ, ಬಾಗಾಯ್ತಿಗೆ (ತೋಟದ ಜಮೀನಿಗೆ) ಇನ್ನೂ ಸ್ವಲ್ಪ ಹೆಚ್ಚು ಇಳಿಸಿ ಎಂದು ಬರೆದ. ಹಾಗೆ ಇಳಿಸಿದ್ದರೆ ಸರ್ಕಾರದ ಪಾಲು ಬೆಳೆಯ ಮೂರರಲ್ಲೊಂದಕ್ಕೆ ಬರುತ್ತಿತ್ತು. ಮೇಲಿನವರು ಒಪ್ಪಲಿಲ್ಲ. ಅವನು ಹೋದ ಮೇಲೆ ರೈತವಾರಿಯನ್ನೇ ಕೈಬಿಟ್ಟು ಊರೂರನ್ನೇ ಗುತ್ತಿಗೆ ಕೊಟ್ಟರು; ಗುತ್ತಿಗೆದಾರರು ಹಳೆಯ ದರದಲ್ಲೇ ಹಿಂಡಿದರು, ಹಲವರು ತಾವೂ ದಿವಾಳಿಯೆದ್ದರು. ಕಡಿತ ಜಾರಿಗೆ ಬಂದದ್ದು ಅವನೇ ಗವರ್ನರ್ ಆದ ಮೇಲೆ. ದತ್ತಮಂಡಲದಲ್ಲಿ ಮಕ್ಕಳಿಗೆ ‘ಮನ್ರೋಲಪ್ಪ’ ಎಂದು ಹೆಸರಿಟ್ಟದ್ದನ್ನು ನೆನೆಯುವವರು, ಕಡಿತಕ್ಕೆ ಮುಂಚಿನ 45ರ ದರ ಕಟ್ಟಿದವನೂ ಅವನೇ ಎಂಬುದನ್ನೂ ನೆನೆಯಬೇಕು.

ಪ್ರಶ್ನೆ: ಕರಾವಳಿಯಲ್ಲೂ ಹೀಗೇ ಅಳೆಸಿದನೇ?

ಉತ್ತರ: ಇಲ್ಲ. 1799–1800ರಲ್ಲಿ ಕೆನರಾದಲ್ಲಿದ್ದದ್ದು ಸುಮಾರು ಒಂದು ವರ್ಷ. ಅಲ್ಲಿ ಭೂಮಿ ಆಗಲೇ ಖಾಸಗಿ ಸ್ವತ್ತು: ಮಾರುತ್ತಿದ್ದರು, ಅಡವಿಡುತ್ತಿದ್ದರು, ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿಗೆ (ತಾತ್ಕಾಲಿಕ ಗೇಣಿ) ಕೊಡುತ್ತಿದ್ದರು. ಶಾನುಭೋಗರ ಕಪ್ಪು ಕಡತಗಳಲ್ಲಿ ಬಿದನೂರು (ಕೆಳದಿ) ಅರಸರ ಕಾಲದ ಮೂಲ ಕಂದಾಯವಾದ ‘ರೇಖೆ’, ಅದರ ಮೇಲೆ ಹೈದರ್–ಟಿಪ್ಪು ಕಾಲದಲ್ಲಿ ಏರಿದ ‘ಶಾಮಿಲು’ ಬೇರೆಬೇರೆಯಾಗಿ ಸಿಕ್ಕವು. ಸರಪಳಿ ಎಳೆಯುವ ಬದಲು ಆ ಲೆಕ್ಕವನ್ನೇ ಹಿಡಿದು, ಏರಿಕೆಯಲ್ಲಿ ಒಂದಿಷ್ಟು ಬಿಟ್ಟು ಕಂದಾಯ ಗೊತ್ತುಮಾಡಿದ.

ಪ್ರಶ್ನೆ: ಬ್ರಿಟಿಷರಿಗಿಂತ ಮುಂಚೆ ನಮ್ಮಲ್ಲಿ ಊರಿಗೊಂದು ಶಾಲೆ ಇತ್ತೆಂದು ಮನ್ರೋನ ಅಂಕಿ ತೋರಿಸುತ್ತಾರೆ. ಅದು ಸರಿಯೇ?

ಉತ್ತರ: ಅಂಕಿ ನಿಜ, ಓದುವಾಗ ಎಚ್ಚರ ಬೇಕು. 1822ರ ಜೂನ್‌ನಲ್ಲಿ ಎಲ್ಲ ಕಲೆಕ್ಟರರಿಂದ ಶಾಲೆಗಳ ಲೆಕ್ಕ ಕೇಳಿದ. 1826ರ ಮಾರ್ಚ್‌ನಲ್ಲಿ ಸಾರಾಂಶ ಬರೆದ. 1,28,50,941 ಜನಕ್ಕೆ 12,498 ಶಾಲೆ, ಅಂದರೆ ಸಾವಿರ ಜನಕ್ಕೊಂದು. ಊರಿಗೊಂದಲ್ಲ. ಐದರಿಂದ ಹತ್ತು ವಯಸ್ಸಿನ ಗಂಡುಹುಡುಗರಲ್ಲಿ ಶಾಲೆಗೆ ಹೋಗುತ್ತಿದ್ದವರು ಕಾಲು ಭಾಗಕ್ಕಿಂತ ತುಸು ಹೆಚ್ಚು. ಮನೆಪಾಠ ಸೇರಿಸಿದರೆ ಮೂರರಲ್ಲೊಬ್ಬ ಎಂಬುದು ಅವನ ಅಂದಾಜು. ಕೆನರಾ ಕಲೆಕ್ಟರ್ ಲೆಕ್ಕ ಕಳಿಸಲೇ ಇಲ್ಲ, ಹಾಗಾಗಿ ಈ ಅಂಕಿಯಿಂದ ಕರಾವಳಿಯ ಬಗ್ಗೆ ಏನನ್ನೂ ಹೇಳಬಾರದು.

ಬಳ್ಳಾರಿಯ ವರದಿ ಎಲ್ಲಕ್ಕಿಂತ ವಿವರವಾದದ್ದು. ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ಕಳಿಸಿದ ಲೆಕ್ಕದಲ್ಲಿ 533 ಶಾಲೆಗಳು: ಕನ್ನಡ 235, ತೆಲುಗು 226, ಮರಾಠಿ 23, ಸಂಸ್ಕೃತ 23, ಪಾರ್ಸಿ 21, ತಮಿಳು 4, ಇಂಗ್ಲಿಷ್ 1. ಶಾಲೆಗಳು ಕ್ಷೀಣಿಸುತ್ತಿರುವುದಕ್ಕೆ ನಾಡು ಬಡವಾಗುತ್ತಿರುವುದೇ ಕಾರಣ ಎಂದು ಆತ ನೇರವಾಗಿ ಬರೆದಿದ್ದಾನೆ. ಮನ್ರೋ ಪ್ರತಿ ತಾಲ್ಲೂಕಿಗೊಂದರಂತೆ 300 ತಹಶೀಲ್ದಾರಿ ಶಾಲೆ, ಜಿಲ್ಲೆಗಳಿಗೆ 40 ದೊಡ್ಡ ಶಾಲೆ ತೆರೆಯಲು ಯೋಜಿಸಿದ. ಅವನು ಸತ್ತ ಮೇಲೆ ಅವು ಚೇತರಿಸಿಕೊಳ್ಳಲಿಲ್ಲ, 1836ರಲ್ಲಿ ಮುಚ್ಚಿದರು.