ಮನೆ ಉಪ್ಪಿನಕಾಯಿ, ತುಪ್ಪಕ್ಕೆ ಯಾವ ಗಾಜಿನ ಬಾಟಲಿ? ಮೊದಲು ಮುಚ್ಚಳ ನೋಡಿ

ನೀವು ಹೊಳಲ್ಕೆರೆಯವರು. ಮನೆಯಲ್ಲೇ ಮಾವಿನಕಾಯಿ ಉಪ್ಪಿನಕಾಯಿ, ಶೇಂಗಾ ಚಟ್ನಿಪುಡಿ, ತುಪ್ಪ ಮಾಡಿ ಇಷ್ಟು ದಿನ ಪ್ಲಾಸ್ಟಿಕ್ ಕವರಿನಲ್ಲಿ ಕೊಡುತ್ತಿದ್ದೀರಿ. ಈಗ ಬೆಂಗಳೂರಿನ ಅಂಗಡಿಯವರು ಗಾಜಿನ ಬಾಟಲಿಯಲ್ಲಿ ಕೊಟ್ಟರೆ ಇಟ್ಟುಕೊಳ್ಳುತ್ತೇವೆ ಅಂದಿದ್ದಾರೆ. ಯಾವ ಬಾಟಲಿ, ಎಷ್ಟು ದೊಡ್ಡದು, ಹಳೇ ಬಾಟಲಿ ತೊಳೆದು ಬಳಸಬಹುದಾ ಅಂತ ಕೇಳಿದ್ದೀರಿ. ನಾನು ದಾವಣಗೆರೆಯವಳು. ಇದೇ ಮೂರೂ ಪದಾರ್ಥ ಆರು ವರ್ಷದಿಂದ ಮಾಡಿ ಮಾರುತ್ತಿದ್ದೇನೆ. ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು ಅನಿಸಿದ್ದನ್ನೆಲ್ಲ ಬರೆಯುತ್ತೇನೆ.

ಎಲ್ಲರೂ ಬಾಟಲಿಯ ಅಂದ ನೋಡಿ ಆರಿಸುತ್ತಾರೆ. ನಾನೂ ಹಾಗೇ ಮಾಡಿದೆ. ಒಂದು ಕಡೆ ಚೆಂದದ ಬಾಟಲಿ ತಗೊಂಡೆ. ಮುಚ್ಚಳ ಇನ್ನೊಂದು ಕಡೆ ಎರಡು ರೂಪಾಯಿ ಕಡಿಮೆಗೆ ಸಿಕ್ಕಿತು, ಅಲ್ಲಿಂದ ತಂದೆ. ಎರಡೂ 63 ಮಿಲಿಮೀಟರ್. ಕೈಯಲ್ಲಿ ತಿರುಗಿಸಿದಾಗ ಗಟ್ಟಿಯಾಗಿ ಕೂತ ಹಾಗೇ ಇತ್ತು. 48 ಬಾಟಲಿ ಉಪ್ಪಿನಕಾಯಿ ತುಂಬಿ ರಾತ್ರಿ ಬಸ್ಸಿಗೆ ಹಾಕಿದೆವು. ಇಲ್ಲಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಬೆಳಿಗ್ಗೆ ಅಂಗಡಿಯವರ ಫೋನ್ ಬಂತು. 11 ಬಾಟಲಿಯಿಂದ ಎಣ್ಣೆ ಸೋರಿತ್ತು. ಆ ಎಣ್ಣೆ ಪಕ್ಕದ ಬಾಟಲಿಗಳ ಲೇಬಲ್ಲನ್ನೂ ನೆನೆಸಿತ್ತು. ಒಂದು ಬಾಟಲಿಯೂ ಒಡೆದಿರಲಿಲ್ಲ. ಆದರೂ ಅರ್ಧ ಮಾಲು ವಾಪಸ್ ಬಂತು. ಅವತ್ತು ನಾನು ಅತ್ತಿದ್ದೇನೆ.

ಕಾರಣ ಆಮೇಲೆ ಗೊತ್ತಾಯಿತು. ಈ ತಗಡಿನ ಮುಚ್ಚಳಕ್ಕೆ ಲಗ್ ಕ್ಯಾಪ್ ಅಂತಾರೆ. ಅದರ ಅಂಚಿನಲ್ಲಿ ಒಳಗೆ ಬಗ್ಗಿದ ನಾಲ್ಕು ಅಥವಾ ಆರು ಹಲ್ಲು ಇರುತ್ತವೆ. ಬಾಟಲಿಯ ಕತ್ತಿನಲ್ಲಿ ಓರೆಯಾದ ಏಣು ಇರುತ್ತದೆ. ಹಲ್ಲು ಆ ಏಣಿನ ಕೆಳಗೆ ಸಿಕ್ಕಿಕೊಂಡು ಮುಚ್ಚಳವನ್ನು ಕೆಳಕ್ಕೆ ಎಳೆಯಬೇಕು. ಮುಚ್ಚಳದ ಒಳಗೆ ರಬ್ಬರಿನ ಹಾಗೆ ಮೆತ್ತಗಿನ ಉಂಗುರ ಇದೆಯಲ್ಲ, ಅದು ಬಾಟಲಿಯ ಬಾಯಿಯ ಮೇಲೆ ಅದುಮಿ ಕೂರಬೇಕು. ಬಾಯಿಯ ಅಗಲ ಒಂದೇ ಆದರೆ ಸಾಲದು. ಏಣಿನ ಎತ್ತರ, ಓರೆ, ಹಲ್ಲಿನ ಲೆಕ್ಕ ಎಲ್ಲ ಹೊಂದಬೇಕು. ನಿಮ್ಮ ಉಪ್ಪಿನಕಾಯಿಯನ್ನು ಕಾಯುವುದು ಆ ಉಂಗುರ ಮತ್ತು ಗಾಜು ಸೇರುವ ಒಂದೆರಡು ಮಿಲಿಮೀಟರ್ ಜಾಗ, ಅಷ್ಟೇ. ಹಾಗಾಗಿ ಬಾಟಲಿ, ಮುಚ್ಚಳ ಒಂದೇ ಕಡೆ, ಜೊತೆಯಾಗಿ ತಗೊಳ್ಳಿ. ಎರಡು ರೂಪಾಯಿ ಉಳಿಸಲು ಹೋಗಬೇಡಿ.

ಅಂಗಡಿಯಲ್ಲಿ ನಿಂತಾಗ ಬೆರಳನ್ನು ಬಾಟಲಿಯ ಬಾಯಿಯ ಮೇಲೆ ಸುತ್ತ ಆಡಿಸಿ. ಅಚ್ಚಿನ ಗೆರೆ ಎದ್ದಿದೆಯಾ, ಚಕ್ಕೆ ಹೋಗಿದೆಯಾ, ಗುಳ್ಳೆ ಇದೆಯಾ ನೋಡಿ. ಹೊಟ್ಟೆಯ ಭಾಗದಲ್ಲಿ ಸಣ್ಣ ಗುಳ್ಳೆ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಬಾಯಿಯ ಮೇಲೆ ಇದ್ದರೆ ಬೇಡವೇ ಬೇಡ.

ಮನೆಗೆ ತಂದ ಮೇಲೆ ಒಂದು ಪರೀಕ್ಷೆ ಮಾಡಿ. ನೀರು ತುಂಬಿ ಬೋರಲು ಹಾಕಿ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಶೇಂಗಾ ಎಣ್ಣೆಯನ್ನೇ ಹಾಕುತ್ತೇನೆ. ನೀರು ನಿಲ್ಲುವ ಸಂದಿನಲ್ಲೂ ಎಣ್ಣೆ ಜಿನುಗುತ್ತದೆ. ಅರ್ಧ ಬಾಟಲಿ ಎಣ್ಣೆ ಹಾಕಿ, ಮುಚ್ಚಿ, ಹೊರಗೆ ಚೆನ್ನಾಗಿ ಒರೆಸಿ, ಹಳೇ ಪೇಪರಿನ ಮೇಲೆ ಬೋರಲಾಗಿ ಎರಡು ದಿನ ಬಿಡಿ. ಪೇಪರಿನ ಮೇಲೆ ಎಣ್ಣೆ ಕಲೆ ಬಿದ್ದರೆ ಆ ಜೋಡಿ ನಿಮಗೆ ಬೇಡ.

ಮುಚ್ಚಳ ಕೊಳ್ಳುವಾಗ ಎಣ್ಣೆ ಇರುವ ಹುಳಿ ಪದಾರ್ಥಕ್ಕೆ ಅಂತ ಬಾಯಿಬಿಟ್ಟು ಹೇಳಿ. ಎಣ್ಣೆ ತಾಗಿ ತಾಗಿ ಕೆಲವು ಉಂಗುರ ಮೆತ್ತಗಾಗಿ ಊದಿಕೊಳ್ಳುತ್ತವೆ. ಎಣ್ಣೆ ಪದಾರ್ಥಕ್ಕೇ ಅಂತ ಬೇರೆ ಉಂಗುರದ ಮುಚ್ಚಳ ಬರುತ್ತದೆ. ಉಪ್ಪು, ಹುಳಿ ಎರಡೂ ತಗಡನ್ನು ತಿನ್ನುತ್ತವೆ, ಹಾಗಾಗಿ ಒಳಗಿನ ಲೇಪನ ಗೀಚಿರಬಾರದು. ಹೊಸ ಮುಚ್ಚಳ ತಂದಾಗೆಲ್ಲ ನಾನು ಎರಡು ಬಾಟಲಿ ಉಪ್ಪಿನಕಾಯಿ ತುಂಬಿ ಒಂದು ತಿಂಗಳು ಬೋರಲು ಇಡುತ್ತೇನೆ. ತೆಗೆದಾಗ ತುಕ್ಕಿನ ಚುಕ್ಕೆ ಕಂಡರೆ ಅಷ್ಟೂ ಮುಚ್ಚಳ ವಾಪಸ್.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕೆಲವು ಮುಚ್ಚಳದ ನಡುವೆ ಒತ್ತಿದರೆ ಟಕ್ ಅನ್ನುವ ಗುಂಡಿ ಇರುತ್ತದೆ. ಜಾಮ್ ತರಹ ಬಿಸಿ ಇದ್ದಾಗಲೇ ತುಂಬಿ ಮುಚ್ಚಿದರೆ, ತಣಿದಾಗ ಒಳಗೆ ನಿರ್ವಾತ ಆಗಿ ಆ ಗುಂಡಿ ಕೆಳಗೆ ಕೂರುತ್ತದೆ. ನಮ್ಮ ಉಪ್ಪಿನಕಾಯಿ ತಣ್ಣಗೆ ತುಂಬುವುದು. ಗುಂಡಿ ಕೂರುವುದೇ ಇಲ್ಲ. ಗಿರಾಕಿ ಒತ್ತಿ ನೋಡಿ, ಇದನ್ನು ಯಾರೋ ಮೊದಲೇ ತೆಗೆದಿದ್ದಾರೆ ಅಂದುಕೊಳ್ಳುತ್ತಾರೆ. ನಿಮಗೆ ಗುಂಡಿ ಇಲ್ಲದ ಸಾದಾ ಮುಚ್ಚಳ ಸಾಕು. ಮೇಲೆ ಬಿಸಿಗಾಳಿಗೆ ಬಿಗಿಯುವ ಪ್ಲಾಸ್ಟಿಕ್ ಸೀಲ್ ಹಾಕಿ. ಹಾಗೇ, ಹೊಸದಾಗಿ ಕಲಸಿದ ಉಪ್ಪಿನಕಾಯಿಯನ್ನು ಅವಸರದಲ್ಲಿ ಬಾಟಲಿಗೆ ಹಾಕಬೇಡಿ. ನಮ್ಮ ಅತ್ತೆ ಜಾಡಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ವಾರಗಟ್ಟಲೆ ಇಡುತ್ತಿದ್ದರು. ಅದು ಉಬ್ಬಿ, ಗಾಳಿ ಬಿಟ್ಟು, ಹೋಳು ತಳಕ್ಕೆ ಕೂತ ಮೇಲೇ ಬಾಟಲಿಯ ಮಾತು.

ಅಳತೆಗೆ ಬರೋಣ. ಬಾಟಲಿಯವರು ಹೇಳುವುದು ಮಿಲಿಲೀಟರ್, ನೀವು ಮಾರುವುದು ಗ್ರಾಂ. ಇದರಲ್ಲಿ ತುಂಬಾ ಜನ ಎಡವುತ್ತಾರೆ. ತುಪ್ಪ ನೀರಿಗಿಂತ ಹಗುರ. ಅರ್ಧ ಕಿಲೋ ತುಪ್ಪಕ್ಕೆ ಸುಮಾರು 550 ಮಿಲಿಲೀಟರ್ ಜಾಗ ಬೇಕು, 500ರ ಬಾಟಲಿಯಲ್ಲಿ ಹಿಡಿಯುವುದಿಲ್ಲ. ಜೇನುತುಪ್ಪ ತದ್ವಿರುದ್ಧ. ಅರ್ಧ ಕಿಲೋ ಜೇನು ಸುಮಾರು 360 ಮಿಲಿಲೀಟರಿನಲ್ಲೇ ಮುಗಿಯುತ್ತದೆ. ಉಪ್ಪಿನಕಾಯಿ ಹೋಳಿನ ಗಾತ್ರದ ಮೇಲೆ ಹೋಗುತ್ತದೆ. ನಿಮ್ಮದೇ ಉಪ್ಪಿನಕಾಯಿ ತುಂಬಿ ತಕ್ಕಡಿಯಲ್ಲಿ ಇಟ್ಟು ನೋಡಿ, ಬೇರೆಯವರ ಲೆಕ್ಕ ನಂಬಬೇಡಿ.

ಬಾಯಿತನಕ ತುಂಬುವ ಹಾಗೂ ಇಲ್ಲ. ನಮ್ಮ ಕಡೆ ಬೇಸಿಗೆ ನಿಮಗೆ ಗೊತ್ತಲ್ಲ. ಡಿಸೆಂಬರ್ ಬೆಳಿಗ್ಗೆ 16 ಡಿಗ್ರಿಯಲ್ಲಿ ತುಂಬಿದ ಎಣ್ಣೆ ಏಪ್ರಿಲ್ ಮಧ್ಯಾಹ್ನ ಲಾರಿಯ ಒಳಗೆ 45 ಡಿಗ್ರಿ ಮುಟ್ಟಬಹುದು. ಆ ಸುಮಾರು 30 ಡಿಗ್ರಿಗೆ ಎಣ್ಣೆ ನೂರಕ್ಕೆ ಎರಡರಷ್ಟು ಹಿಗ್ಗುತ್ತದೆ. ಅರ್ಧ ಲೀಟರಿಗೆ 10 ಮಿಲಿಲೀಟರ್. ಮೇಲೆ ಜಾಗ ಇಲ್ಲದಿದ್ದರೆ ಅದು ಉಂಗುರವನ್ನು ತಳ್ಳಿಕೊಂಡು ಹೊರಗೆ ಬರುತ್ತದೆ. ಒಂದು ಬೆರಳು ದಪ್ಪ ಜಾಗ ಬಿಡಿ.

ಬಿಸಿ ತುಪ್ಪದ ವಿಷಯದಲ್ಲಿ ದಯವಿಟ್ಟು ಜೋಪಾನ. ಬಾಟಲಿಗೆ ಬಳಸುವ ಸಾಮಾನ್ಯ ಗಾಜು ಒಮ್ಮೆಲೇ ಸುಮಾರು 40 ಡಿಗ್ರಿ ವ್ಯತ್ಯಾಸ ತಡೆಯುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಬಿರುಕು ಬಿಡಬಹುದು. ಒಳಗಿನ ಗಾಜು ಹಿಗ್ಗುತ್ತದೆ, ಹೊರಗಿನದು ಇನ್ನೂ ತಣ್ಣಗಿರುತ್ತದೆ. ದಪ್ಪ ಇರುವ ತಳದಲ್ಲಿ ಈ ಎಳೆದಾಟ ಜಾಸ್ತಿ. ಅದಕ್ಕೇ ಎಷ್ಟೋ ಸಲ ತಳವೇ ಕಳಚಿ ಬೀಳುತ್ತದೆ. ಬೆಣ್ಣೆ ಕಾಸಿ ಸೋಸಿದ ತುಪ್ಪ 50 ಡಿಗ್ರಿ ಹತ್ತಿರಕ್ಕೆ ಇಳಿಯಲಿ. ಬಾಟಲಿ ಬೆಚ್ಚಗಿರಲಿ, ಒಣಗಿರಲಿ. ಕಡಪಾ ಕಲ್ಲಿನ ಕಟ್ಟೆಯ ಮೇಲೆ ನೇರ ಇಡಬೇಡಿ, ಕೆಳಗೆ ಮರದ ಹಲಗೆಯೋ ದಪ್ಪ ಬಟ್ಟೆಯೋ ಇರಲಿ. ನಿಮ್ಮ ಕೈ, ಪಕ್ಕದಲ್ಲಿ ಆಡುವ ಮಕ್ಕಳ ಕಾಲು, ಎರಡೂ ಮುಖ್ಯ ಅಲ್ವಾ.

ಹೊಸ ಬಾಟಲಿಯನ್ನೂ ತೊಳೆಯಲೇಬೇಕು. ಡಬ್ಬದ ಧೂಳು ಇರುತ್ತದೆ, ಕೆಲವೊಮ್ಮೆ ಗಾಜಿನ ಚೂರೂ ಇರುತ್ತದೆ. ತೊಳೆದ ಮೇಲೆ ಬೋರಲಿಟ್ಟು ನೀರು ಇಳಿಸಿ, ಆಮೇಲೆ ನೆಟ್ಟಗೆ ನಿಲ್ಲಿಸಿ, ತೆಳ್ಳನೆ ಬಟ್ಟೆ ಹೊದಿಸಿ, ಬಿಸಿಲಿಗೆ ಇಡಿ. ನಾನು ಕೊನೆಗೆ ಓವನ್ನಿನಲ್ಲಿ 110 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಇಡುತ್ತೇನೆ. ಒಂದು ಹನಿ ನೀರು ಉಳಿದರೂ ಉಪ್ಪಿನಕಾಯಿಗೆ ಬೂಸ್ಟು ಬರುತ್ತದೆ.

ಹಳೇ ಬಾಟಲಿ ಬೇಡ. ಗಾಜಿಗೆ ಅಂಟಿದ ವಾಸನೆ ತೊಳೆದರೆ ಹೋಗುತ್ತದೆ, ನಿಜ. ಆದರೆ ಮುಚ್ಚಳದ ಉಂಗುರದಲ್ಲಿ ಹಳೇ ವಾಸನೆ ಉಳಿಯುತ್ತದೆ, ಹಳೇ ಬಾಯಿಯ ಗುರುತೂ ಉಳಿಯುತ್ತದೆ. ಎರಡನೇ ಸಲ ಬಿಗಿಯಾಗಿ ಕೂರುವುದಿಲ್ಲ. ಗಾಜಿಗೆ ಉಜ್ಜಿ ಉಜ್ಜಿ ಆದ ಗೀರು ಇದ್ದರೆ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಮನೆ ಬಳಕೆಗೆ ಇಟ್ಟುಕೊಳ್ಳಿ, ಮಾರಾಟಕ್ಕೆ ಬೇಡ.

ಆಕಾರ ದುಂಡಗಿರಲಿ. ಚೌಕದ ಬಾಟಲಿಯ ಮೂಲೆ ಮೊದಲು ಒಡೆಯುತ್ತದೆ, ಮೂಲೆಯ ಉಪ್ಪಿನಕಾಯಿ ಚಮಚಕ್ಕೂ ಸಿಗುವುದಿಲ್ಲ. ಬಣ್ಣದ ಬಗ್ಗೆ ಎರಡು ಮಾತು ಇದೆ. ಬೆಳಕು ಬಿದ್ದರೆ ಎಣ್ಣೆ, ತುಪ್ಪಕ್ಕೆ ಬೇಗ ಕಮಟು ವಾಸನೆ ಬರುತ್ತದೆ, ಮೆಣಸಿನಕಾಯಿಯ ಕೆಂಪೂ ಮಾಸುತ್ತದೆ. ಕಂದು ಗಾಜು ಇದನ್ನು ತಡೆಯುತ್ತದೆ. ಆದರೆ ತುಪ್ಪ ಹರಳು ಹರಳಾಗಿ ಕಾಣದಿದ್ದರೆ ನಮ್ಮ ಜನ ಕೊಳ್ಳುವುದಿಲ್ಲ. ನಾನು ತಿಳಿ ಗಾಜಿನಲ್ಲೇ ಕೊಡುತ್ತೇನೆ. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ಇಡಬೇಡಿ ಅಂತ ಅಂಗಡಿಯವರಿಗೆ ಪ್ರತಿ ಸಲ ಹೇಳುತ್ತೇನೆ.

ಚಟ್ನಿಪುಡಿಗೆ ಗಾಜು ಬೇಡ ಅನ್ನುವುದು ನನ್ನ ಅಭಿಪ್ರಾಯ. ಶೇಂಗಾ ಪುಡಿ ಬೇಗ ಖರ್ಚಾಗಬೇಕಾದ ಪದಾರ್ಥ. 200 ಗ್ರಾಂ ಪುಡಿಗೆ ಅಷ್ಟೇ ತೂಕದ ಗಾಜು ಹೊತ್ತು ಕಳಿಸಿದರೆ ಸಾಗಣೆ ಖರ್ಚೇ ಲಾಭ ತಿನ್ನುತ್ತದೆ. ಒಳಗೆ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಹಾಳೆ ಇರುವ ದಪ್ಪ ಕವರ್ ಸಾಕು.

ಲೇಬಲ್ಲಿನಲ್ಲಿ ಬಾಟಲಿ ಬಿಟ್ಟು ಒಳಗಿನ ಪದಾರ್ಥದ ತೂಕ ಮಾತ್ರ ಬರೆಯಬೇಕು. ಎಂಆರ್‌ಪಿ, ತಯಾರಿಸಿದ ದಿನ, ಹಾಕಿದ ಪದಾರ್ಥಗಳು, ಹಸಿರು ಚುಕ್ಕೆ, ನಿಮ್ಮ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ಪ್ರಾಧಿಕಾರ) ನಂಬರ್ ಇರಲಿ. ಡಬ್ಬದಲ್ಲಿ ಬಾಟಲಿಗೊಂದು ರಟ್ಟಿನ ಮನೆ ಬೇಕು, ಗಾಜಿಗೆ ಗಾಜು ತಾಗಬಾರದು.

ಮಾವಿನಕಾಯಿ ಬರುವ ಹೊತ್ತಿಗೆ ಬಾಟಲಿ ಹುಡುಕಲು ಕೂರಬೇಡಿ. ಸಂಕ್ರಾಂತಿ ಹೊತ್ತಿಗೆ ಮಾದರಿಗೆ ಅಂತ ಬರೀ 12 ಬಾಟಲಿ ಮುಚ್ಚಳ ಸಮೇತ ತನ್ನಿ. ಎಣ್ಣೆಯ ಪರೀಕ್ಷೆ ಮಾಡಿ. ಆಮೇಲೆ ಆರನ್ನು ಹೋದ ವರ್ಷದ ಉಪ್ಪಿನಕಾಯಿ ತುಂಬಿ, ಚೆನ್ನಾಗಿ ಪ್ಯಾಕ್ ಮಾಡಿ ಬೆಂಗಳೂರು ಬಸ್ಸಿಗೆ ಹಾಕಿ. ಅಂಗಡಿಯವರು ಡಬ್ಬ ಬಿಚ್ಚುವಾಗ ಫೋಟೋ ಕಳಿಸಲಿ. ಆರೂ ಒಣಗಿದ್ದರೆ ಶಿವರಾತ್ರಿ ಒಳಗೆ ದೊಡ್ಡ ಆರ್ಡರ್ ಕೊಡಿ, ಬಾಟಲಿಗಿಂತ ಮುಚ್ಚಳ ಒಂದಿಷ್ಟು ಜಾಸ್ತಿ ತರಿಸಿ. ಒಂದರಲ್ಲಿ ಎಣ್ಣೆ ಕಂಡರೂ ಆ ಬಾಟಲಿಯ ಫೋಟೋ, ಮುಚ್ಚಳದ ಒಳಗಿನ ಫೋಟೋ ಇಲ್ಲಿ ಹಾಕಿ. ನಾನು ನೋಡಿ ಹೇಳುತ್ತೇನೆ.