ಜೆಮ್ ಲೇಖನ ಓದಿದೆ, ಈಗ್ಲೇ ಹಾಕೋಕಾಗಲ್ಲ

ನಮಸ್ಕಾರ, ನಿಮ್ಮ "ಮರೆತುಹೋದ ಡೆಸ್ಕ್‌ಟಾಪ್" ಎರಡು ಸಲ ಓದಿದೆ. ವಿಷಯ ಸಖತ್ತಾಗಿದೆ, ಡಿಜಿಟಲ್ ರಿಸರ್ಚ್ ಕಂಪನಿಯವ್ರ ಜೆಮ್ (ಪಿಸಿಲಿ ವಿಂಡೋ, ಮೌಸ್ ಇಟ್ಕೊಂಡು ಕೆಲ್ಸ ಮಾಡೋಕೆ ವಿಂಡೋಸ್ ಥರಾನೇ ಇದ್ದ ಹಳೇ ಸಾಫ್ಟ್‌ವೇರ್) ಬಗ್ಗೆ ಕನ್ನಡದಲ್ಲಿ ಬರೀತೀನಿ ಅಂತ ಬಂದವ್ರು ನೀವೇ ಮೊದಲು, ಅದಕ್ಕೇ ಸುಮ್ನೆ "ಬೇಡ" ಅನ್ನದೆ ಇಷ್ಟುದ್ದ ಬರೀತಿದೀನಿ, ಬೇಜಾರು ಮಾಡ್ಕೋಬೇಡಿ.

ಮೊದಲ ಎರಡು ಪುಟ ತೆಗೆದುಹಾಕಿ. ಅಬ್ಯಾಕಸ್‌ನಿಂದ ಶುರು ಮಾಡಿದ್ದೀರಿ, ಜೆಮ್ ಹೆಸರು ಬರೋದು ಮೂರನೇ ಪುಟಕ್ಕೆ, ಅಷ್ಟೊತ್ತಿಗೆ ಓದೋರು ಎದ್ದು ಕಾಫಿ ಮಾಡ್ಕೊಳೋಕೆ ಹೋಗಿರ್ತಾರೆ. ಆಮೇಲೆ ಭಾಷೆ. ವಿಂಡೋಗೆ "ಗವಾಕ್ಷಿ", ಮೌಸ್‌ಗೆ "ಮೂಷಕ" ಅಂತೆ, ಮೂಷಕ ಅಂದ್ರೆ ನಂಗೆ ಗಣಪತಿ ಬಿಟ್ಟು ಬೇರೇನೂ ನೆನಪಾಗಲ್ಲ ಮಾರಾಯ್ರೆ. ಮನೇಲಿ ಹೇಗೆ ಮಾತಾಡ್ತೀರೋ ಹಾಗೇ ಬರೀರಿ.

ಈಗ ಅಸಲಿ ತಕರಾರು. "ವಿಂಡೋಸ್ ಚೆನ್ನಾಗಿತ್ತು, ಆದ್ದರಿಂದ ಜೆಮ್ ಸೋತಿತು" ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಿ. 1985ರಲ್ಲಿ ಪರಿಸ್ಥಿತಿ ಹಾಗಿರ್ಲಿಲ್ಲ ಕಣ್ರೀ. ಜೆಮ್ ಆ ವರ್ಷದ ಶುರುವಲ್ಲೇ ಬಂತು, ವಿಂಡೋಸ್ 1.0 ಬಂದಿದ್ದು ನವೆಂಬರ್‌ನಲ್ಲಿ, ಅದ್ರಲ್ಲಿ ವಿಂಡೋಗಳು ಒಂದರ ಮೇಲೊಂದು ಕೂರ್ತಿರ್ಲಿಲ್ಲ, ನೆಲಕ್ಕೆ ಟೈಲ್ಸ್ ಹಾಕ್ದಂಗೆ ಪಕ್ಕಪಕ್ಕ ಅಷ್ಟೇ. ಜೆಮ್‌ನಲ್ಲಿ ಆರಾಮಾಗಿ ಕೂರ್ತಿದ್ವು, ಎಳೆದಾಡಬಹುದಿತ್ತು, ಕಸದ ಬುಟ್ಟಿನೂ ಇತ್ತು. ನೋಡೋಕೆ ಆಪಲ್‌ನವ್ರ ಮ್ಯಾಕಿಂಟಾಷ್ ಥರಾನೇ ಇತ್ತು, ಎಡವಟ್ಟಾಗಿದ್ದೇ ಅಲ್ಲಿ. ಆಪಲ್ ಕೇಸ್ ಹಾಕ್ತೀವಿ ಅಂತ ಹೆದರಿಸ್ತು, ಡಿಜಿಟಲ್ ರಿಸರ್ಚ್ ರಾಜಿ ಮಾಡ್ಕೊಂಡು ತನ್ನ ಡೆಸ್ಕ್‌ಟಾಪನ್ನ ತಾನೇ ಕೆಡಿಸ್ತು. ಪಿಸಿಗೆ ಬಂದ ಜೆಮ್ 2ರಲ್ಲಿ ಡೆಸ್ಕ್‌ಟಾಪ್ ತೆಗೆದ್ರೆ ಎರಡೇ ವಿಂಡೋ, ಅವೂ ಇದ್ದಲ್ಲೇ ಇರ್ತವೆ, ಸರಿಸೋ ಹಾಗಿಲ್ಲ, ಕಸದ ಬುಟ್ಟಿ ಮಾಯ. ಇದೇ ನಿಮ್ಮ ಕಥೆ! ಇದನ್ನ ನೀವು ಏಳನೇ ಪುಟದಲ್ಲಿ, ಅದೂ ಬ್ರಾಕೆಟ್ ಒಳಗೆ ಬಚ್ಚಿಟ್ಟಿದ್ದೀರಿ.

"ಕೋರ್ಟಿನಲ್ಲಿ ಆಪಲ್ ಗೆದ್ದಿತು" ಅನ್ನೋ ಸಾಲು ತಪ್ಪು. ಜೆಮ್ ವಿಷಯ ಕೋರ್ಟಿನ ತೀರ್ಪಿನ ತನಕ ಹೋಗ್ಲೇ ಇಲ್ಲ. 1988ರಲ್ಲಿ ಆಪಲ್ ಕೇಸ್ ಹಾಕಿದ್ದು ಮೈಕ್ರೋಸಾಫ್ಟ್ ಮತ್ತೆ ಎಚ್‌ಪಿ ಮೇಲೆ, ಅದ್ರಲ್ಲಿ ಆಪಲ್ ಸೋತಿದ್ದು. ಎರಡನ್ನೂ ಕಲಸಿಬಿಟ್ಟಿದ್ದೀರಿ.

ಜೆಮ್ ಓಡ್ತಿದ್ದ ಇನ್ನೊಂದು ಕಂಪ್ಯೂಟರ್ ಅಟಾರಿ ಎಸ್‌ಟಿ ಬಗ್ಗೆ ಒಂದು ಪ್ಯಾರಾನಾದ್ರೂ ಬೇಕು. ಆ ರಾಜಿ ಪಿಸಿ ಜೆಮ್‌ಗೆ ಮಾತ್ರ, ಅಟಾರಿಯಲ್ಲಿದ್ದ ಜೆಮ್‌ಗೆ ಏನೂ ಆಗ್ಲಿಲ್ಲ, ಅಲ್ಲಿ ಬುಟ್ಟಿ ಬುಟ್ಟಿಯಾಗೇ ಉಳೀತು. ಪುಸ್ತಕ, ಪತ್ರಿಕೆಗಳ ಪುಟ ಜೋಡಿಸೋ ಸಾಫ್ಟ್‌ವೇರ್ ವೆಂಚುರಾ ಪಬ್ಲಿಷರ್‌ನೂ ಬಿಡಬೇಡಿ, ಡಿಜಿಟಲ್ ರಿಸರ್ಚ್ ಬಿಟ್ಟು ಹೋದವ್ರೇ ಮಾಡಿದ್ದು, ಅದು ಓಡ್ತಿದ್ದಿದ್ದು ಜೆಮ್ ಮೇಲೇ, ಡಿಟಿಪಿ ಕೆಲ್ಸ ಮಾಡಿದ ಹಳಬ್ರು ಓದಿದ್ರೆ ಖುಷಿ ಪಡ್ತಾರೆ. 1991ರಲ್ಲಿ ನೋವೆಲ್‌ನವ್ರು ಡಿಜಿಟಲ್ ರಿಸರ್ಚನ್ನ ಕೊಂಡಿದ್ದು, 1999ರಲ್ಲಿ ಕಾಲ್ಡೆರಾ ಅನ್ನೋ ಕಂಪನಿ ಜೆಮ್ ಸೋರ್ಸ್ ಕೋಡ್‌ನ ಜಿಪಿಎಲ್‌ನಲ್ಲಿ (ಯಾರು ಬೇಕಾದ್ರೂ ಬಳಸಿ ಬದಲಾಯಿಸಬಹುದಾದ ಲೈಸೆನ್ಸ್) ಬಿಟ್ಟಿದ್ದು, ಇವೆರಡೂ ಎರಡು ಸಾಲಲ್ಲಿ ಮುಗೀಲಿ.

ಕೊನೇದಾಗಿ ಆ ಸ್ಕ್ರೀನ್‌ಶಾಟ್. ಕೆಳಗೆ "ಪಿಸಿಯಲ್ಲಿ ಜೆಮ್ 2" ಅಂತ ಬರ್ದಿದ್ದೀರಿ, ಮೂಲೇಲಿ ಕಸದ ಬುಟ್ಟಿ ಕೂತಿದೆ ನೋಡಿ. ಒಂದೋ ಅದು ರಾಜಿಗಿಂತ ಮುಂಚಿನದು, ಇಲ್ಲಾ ಅಟಾರಿದು. ಬುಟ್ಟಿ ಇರೋದೊಂದು, ಇಲ್ಲದೇ ಇರೋದೊಂದು, ಎರಡೂ ಹುಡುಕಿ ಪಕ್ಕಪಕ್ಕ ಇಟ್ಟು ಕಳ್ಸಿ, ಲೇಖನ ಅಲ್ಲಿಂದಲೇ ಶುರುವಾಗ್ಲಿ. ಸಾವಿರ ಪದ ದಾಟಬೇಡಿ.